ಕೈ ಹಿಡಿಯುವ ಮೊದಲು

ಮಗಳು ಮೆಲಿಸ್ಸಾಳ ಸ್ಕೂಲ್ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಾಗಲೇ ವಿಲ್ಮಾಳ ಮೊಬೈಲಿಗೆ ಸರ್ಟಿಫಿಕೇಟ್ ಬಂತು. ಮನಸ್ಸಿನ ಗಾಯಕ್ಕೆ ಡಾಕ್ಟರು ಭ್ರಮೆ ತರಿಸುವ ಸೈಕೆಡೆಲಿಕ್ ಔಷಧಿ ಕೊಟ್ಟಾಗ, ಅದರ ಮಂಪರು ಇಳಿಯುವವರೆಗೆ ರೋಗಿಯ ಪಕ್ಕ ಕೂರುವ ಕೆಲಸಕ್ಕೆ ಅವಳು ಮುಗಿಸಿದ್ದ ಒಂದು ವರ್ಷದ ಆನ್‌ಲೈನ್ ತರಬೇತಿಯದು. ಹೆಸರಿನ ಕೆಳಗೆ ಸಣ್ಣ ಅಕ್ಷರಗಳಿದ್ದವು: ಇದು ಚಿಕಿತ್ಸೆಯ ಲೈಸೆನ್ಸ್ ಅಲ್ಲ, ಕಾನೂನು ಒಪ್ಪುವ ದೇಶದಲ್ಲಿ, ಡಾಕ್ಟರ ಕೈಕೆಳಗೆ ಮಾತ್ರ.

“ಹಾಗಾದ್ರೆ ಕತಾರಲ್ಲಿ?” ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಮುಗಿಸಿ ಬಂದ ಗಂಡ ಬೊನವೆಂಚರ್ ಶೂ ಬಿಚ್ಚುತ್ತ ಕೇಳಿದ.

“ಇಲ್ಲಿ ಆ ಮದ್ದು ಮುಟ್ಟಿದ್ರೆ ಜೈಲು.”

“ಖಲಾಸ್! ಮತ್ತೆ ಎಂತಕ್ಕೆ ಓದಿದ್ದು ಮಾರಾಯ್ತಿ?” ಎಂದವನು ಮಲಗಲು ಹೋದ.

ಅದೆಲ್ಲ ಅವಳಿಗೆ ಗೊತ್ತಿದ್ದದ್ದೇ. ಆದರೂ ಯಾವುದಾದರೂ ಕ್ಲಿನಿಕ್ ಕೌನ್ಸೆಲಿಂಗ್‌ಗಾದರೂ ಕರೆದೀತೆಂಬ ಆಸೆಯಿತ್ತು. ಇಸ್ತ್ರಿಪೆಟ್ಟಿಗೆ ಆರಿಸಿ, ಸೋಫಾಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟಳು.

ವರ್ಷವಿಡೀ ಅವಳ ಅಭ್ಯಾಸದ ರೋಗಿಯಾಗಿ, ವಿಮಾನದಲ್ಲಿ ಕೊಟ್ಟ ಕಣ್ಣುಪಟ್ಟಿ ಕಟ್ಟಿಕೊಂಡು ಅದೇ ಸೋಫಾದಲ್ಲಿ ಮಲಗುತ್ತಿದ್ದವಳು ಮೆಲಿಸ್ಸಾ. ಮುಟ್ಟುವ ಮೊದಲು ರೋಗಿಯನ್ನು ಕೇಳಲೇಬೇಕೆಂಬುದು ಮೊದಲ ಪಾಠ. ವಿಲ್ಮಾ ಪ್ರತಿ ಸಲ ಕೇಳುತ್ತಿದ್ದಳು, ಮಗಳು ಕಿಸಕ್ಕನೆ ನಗುತ್ತಿದ್ದಳು.

ಇವತ್ತು ನಗಲಿಲ್ಲ. ಅಮ್ಮನ ಎದುರು ಮಂಡಿಯೂರಿ, ಚಾಚಿದ ಕೈಯನ್ನು ಅರ್ಧಕ್ಕೇ ನಿಲ್ಲಿಸಿದಳು.

“ಮಮ್ಮಾ, ನಾನು ನಿನ್ನ ಕೈ ಹಿಡಿಬಹುದಾ? ಅಲ್ಲಾಂದ್ರೆ ಸುಮ್ನೆ ಹತ್ರ ಕೂತ್ರೆ ಸಾಕಾ?”