ಬಾಯಿ ತೆರೆದ ಮುಖ

ಊರವರ ದೇಣಿಗೆಯಿಂದ ನಡೆಯುವ ಆ ಕಲಾಶಾಲೆಗೆ ಮಾಜಿ ಸೈನಿಕರು ಬರುತ್ತಿದ್ದದ್ದು ಮನಸ್ಸು ಹಗುರಾಗಲೆಂದು. ಹವಾಲ್ದಾರ ಮಾತ್ರ ಪ್ರತಿ ಸಲವೂ ಮಣ್ಣಿನಲ್ಲಿ ಅದೇ ಮುಖ ಮಾಡುತ್ತಿದ್ದ, ಬಾಯಿ ತೆರೆದ ಒಬ್ಬ ಹುಡುಗನದು. ಅದನ್ನು ಸುಡಲು ಬಿಡುತ್ತಿರಲಿಲ್ಲ. ಒಣಗಿದೊಡನೆ ಬಾಯಿಗೆ ನೀರು ಹೊಯ್ದು ಕರಗಿಸಿಬಿಡುತ್ತಿದ್ದ.

"ಇದೊಂದನ್ನರ ಉಳಸ್ರಿ. ನಾಳಿ ರೊಕ್ಕ ಕೊಟ್ಟಾವರು ನೋಡಾಕ ಬರ್ತಾರ," ಎಂದು ಮಾಸ್ತರರು ಬೇಡಿಕೊಂಡರು. ಹವಾಲ್ದಾರ ಒಪ್ಪಿದ್ದ.

ಮರುದಿನ ಬಂದವರಲ್ಲಿ ಒಬ್ಬ ಮುದುಕಿ ಆ ಮುಖದ ಮುಂದೆ ನಿಂತವಳು ಕದಲಲೇ ಇಲ್ಲ.

"ಹಾಡಾಕತ್ತಾನ್ರಿ," ಎಂದರು ಮಾಸ್ತರರು.

ಹವಾಲ್ದಾರನಿಗೆ ತಡೆದುಕೊಳ್ಳಲಾಗಲಿಲ್ಲ. ತಂಬಿಗೆ ಹಿಡಿದು ಮುಂದೆ ಬಂದ.

"ಇಲ್ಲವ್ವ, ನೀರು ಕೇಳಾಕತ್ತಾನ. ಹೊಟ್ಟಿಗೆ ಗುಂಡು ಬಿದ್ದಾವಗ ನೀರು ಕೊಡಬಾರದು ಅಂತ ನಮಗ ಕಲಿಸಿದ್ರು. ನಾ ಕೊಡಲಿಲ್ಲ. ಬೆಳತನಕ ಕೇಳಿದ."

"ಬೆಳತನಕ?"

"ಹೌದವ್ವ. ಜೀವ ಹೋಗೂತನಕ."

ಮುದುಕಿ ಮಣ್ಣಿನ ಹಣೆಯನ್ನು ಮೆಲ್ಲಗೆ ಸವರಿದಳು.

"ಗುಂಡು ಬಿದ್ದ ಕೂಡಲೆ ಹ್ವಾದ ಅಂತ ಹೇಳಿದ್ರು ನಮಗ," ಎಂದು ಅವನತ್ತ ಕೈ ಚಾಚಿದಳು. "ತಂಬಿಗಿ ಇಲ್ಲಿ ಕೊಡಪಾ. ಮಗನ ಬಾಯಾಗ ನೀರು ನಾನ ಬಿಡ್ತೀನಿ."