ಅತ್ತರೆ ಮೆಚ್ಚಿದಂತೆ

ನೋಡುವವರ ಮುಖ ಓದಿ ಟೀವಿಯೇ ಒಂದೊಂದು ಮನೆಗೆ ಒಂದೊಂದು ಕತೆ ತೋರಿಸತೊಡಗಿದ ಮೇಲೆ, ಮಂದಾಕಿನಿಯ ಮನೆಯ ಧಾರಾವಾಹಿಯಲ್ಲಿ ನಾಯಕಿ ಇಂಚರಾಳಿಗೆ ಒಂದು ದಿನವೂ ನೆಮ್ಮದಿಯಿಲ್ಲ. ಯಾರಾದರೂ ಅತ್ತರೆ ಮೆಚ್ಚಿದರೆಂದೇ ಟೀವಿಯ ಲೆಕ್ಕ. ಮರುದಿನ ಅವಳಿಗೆ ಇನ್ನೊಂದು ಪೆಟ್ಟು. ಕಳೆದ ವಾರ ಮಂದಾಕಿನಿ ಮರೆತು ಟೀವಿ ಮುಂದೆ ಕೂತು ಈರುಳ್ಳಿ ಹೆಚ್ಚಿದ್ದಕ್ಕೆ ಪಾಪ, ಇಂಚರಾ ಜೈಲು ಸೇರಿದ್ದಳು.

ಇವತ್ತು ಧಾರಾವಾಹಿಯಲ್ಲಿ ಅವಳ ಮಗುವನ್ನು ಯಾರೋ ಕಿತ್ತುಕೊಳ್ಳುವಾಗ, ಮಂದಾಕಿನಿಯ ಅತ್ತೆ ಸರ್ವಮಂಗಳಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕಿದರು.

"ಸಾಕು ನಿಲ್ಸಿ ಅತ್ತೆ! ಅತ್ತೂ ಅತ್ತೂ ಅವಳ ಬಾಳನ್ನ ಮೂರಾಬಟ್ಟೆ ಮಾಡಿದ್ರಿ. ಪಕ್ಕದ ವಿಶಾಲಮ್ಮನ ಮನೇಲಿ ನೋಡಿ, ಇದೇ ಇಂಚರಾ ಬೇಕರಿ ಇಟ್ಕೊಂಡು ಹಾಯಾಗಿದ್ದಾಳೆ!"

"ನಾನು ಅಳೋದು ಅವಳಿಗೋಸ್ಕರ ಅಲ್ಲ ಕಣೆ."

"ಮತ್ತಿನ್ಯಾರಿಗೋಸ್ಕರ?"

"ನನಗೋಸ್ಕರಾನೇ. ನಲವತ್ತು ವರ್ಷದಿಂದ ನಾನು ಯಾವಾಗ ಅತ್ತರೂ, 'ನಿಂಗೇನು ಕಡಿಮೆಯಾಗಿದೆ' ಅಂತ ನಿಮ್ಮ ಮಾವ ಗದರ್ತಾರೆ. ಧಾರಾವಾಹಿ ಬರೋ ಈ ಅರ್ಧ ಗಂಟೆ ಮಾತ್ರ ಯಾಕಳ್ತೀ ಅಂತ ಯಾರೂ ಕೇಳಲ್ಲ."

ಮಂದಾಕಿನಿ ಟೀವಿಯ ವೈರನ್ನು ಗೋಡೆಯಿಂದ ಕಿತ್ತು ಬಿಸಾಕಿ, ಒಳಕೋಣೆಯಲ್ಲಿ ಪೇಪರ್ ಓದುತ್ತಿದ್ದ ಮಾವನಿಗೂ ಕೇಳುವಂತೆ ಹೇಳಿದಳು:

"ಈಗ ಗಟ್ಟಿಯಾಗಿ ಅತ್ತುಬಿಡಿ ಅತ್ತೆ. ಯಾರು ಗದರ್ತಾರೋ ನಾನೂ ನೋಡ್ತೀನಿ."