ತಟ್ಟೆಯೊಳಗಿನ ಕಾಡು

"ಹನ್ನೆರಡೇ ಮರ ಅಮ್ಮ. ಮೂರು ಸಲ ಎಣಿಸಿದೆ," ಎಂದ ಮಗ, ನೋಡಿದೆಯಾ ಎನ್ನುವಂತೆ ಹೆಂಡತಿಯ ಕಡೆ ಕಣ್ಣು ಹಾಯಿಸಿದ. ಅಮ್ಮನಿಗೆ ಅರಳುಮರಳು ಶುರುವಾಗಿದೆ ಎಂದು ಹೋದ ವಾರವಷ್ಟೇ ಅವಳ ಹೊಲಿಗೆ ಅಂಗಡಿಗೆ ಬೀಗ ಹಾಕಿ ಕೀಲಿಕೈ ಜೇಬಿಗಿಳಿಸಿದ್ದ. ಈಗ ದನಿಯಲ್ಲಿ ಕನಿಕರ ಬೇರೆ. ಅದೇ ಅವಳ ಮೈ ಉರಿಸಿತು.

"ಹದಿಮೂರು ನೆಟ್ಟಿದ್ದೀನಿ. ಬೋನ್ಸಾಯ್ ಕಾಡನ್ನ ಯಾವತ್ತೂ ಬೆಸಸಂಖ್ಯೆಯಲ್ಲೇ ನೆಡೋದು ಕಣೋ," ಎನ್ನುತ್ತ ಅವಳು ಕತ್ತರಿ ಕೈಗೆತ್ತಿಕೊಂಡಳು. ಮಂಡಿಯ ಆಪರೇಷನ್ ಆದಮೇಲೆ ಎರಡು ವರ್ಷ ಅವಳು ಈ ಮಹಡಿ ಹತ್ತಿರಲಿಲ್ಲ, ಸೊಸೆ ನೀರು ಹಾಕುತ್ತಿದ್ದಳಷ್ಟೇ. ಅಷ್ಟರಲ್ಲಿ ಅಗಲ ತಟ್ಟೆಯ ಮೊಳದುದ್ದದ ಮರಗಳು ಒಂದರೊಳಗೊಂದು ಸಿಕ್ಕಿಕೊಂಡು ಬಾಚದ ತಲೆಯಂತಾಗಿದ್ದವು. ಒಣಗಿದ ಕಡ್ಡಿಗಳನ್ನು ಮೊದಲು ತೆಗೆದಳು, ಆಮೇಲೆ ಅಡ್ಡಾದಿಡ್ಡಿ ಬೆಳೆದ ರೆಂಬೆಗಳನ್ನು, ನೆತ್ತಿಯಲ್ಲಿ ಸೊಕ್ಕಿ ನಿಂತಿದ್ದ ಚಿಗುರುಗಳನ್ನು. "ಅತ್ತೆ, ಸಾಕು, ಪೂರ್ತಿ ಬೋಳಾಗುತ್ತೆ," ಎಂದಳು ಸೊಸೆ. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಅದು. ಅಳತೆ ತಪ್ಪಲಿಲ್ಲ.

ನಡುವಿನ ದೊಡ್ಡ ಮರದ ಕೆಳರೆಂಬೆ ಬಿದ್ದೊಡನೆ ಕಾಡಿನೊಳಕ್ಕೆ ಕಿಟಕಿಯ ಬಿಸಿಲು ನುಗ್ಗಿತು. ಅಲ್ಲಿ, ಎರಡು ಕಾಂಡಗಳ ಹಿಂದೆ, ಕಿರುಬೆರಳಿನಷ್ಟೇ ಎತ್ತರದ ಮರವೊಂದು ನಾಲ್ಕು ಹಸಿರೆಲೆ ಹಿಡಿದುಕೊಂಡು ನಿಂತಿತ್ತು. ಮಗ ಬಗ್ಗಿದ. ಒಂದೊಂದೇ ಕಾಂಡಕ್ಕೆ ಬೆರಳಿಟ್ಟು ಮತ್ತೆ ಎಣಿಸಿದ. ಆ ಪುಟ್ಟ ಮರಕ್ಕೆ ಬಂದಾಗ ಹದಿಮೂರಾಗಿತ್ತು.

ಅವಳು ಕತ್ತರಿಯನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಅವನ ಮುಂದೆ ಚಾಚಿದಳು.

"ಕೀಲಿಕೈ ತಾ."